ಫ್ಲಾಪಿ ಒಳಗಿದೆ, ಲಿನಕ್ಸ್‌ಗೆ ಕಾಣುತ್ತಿಲ್ಲ

ಡಾಸ್ ಕಾಲದಲ್ಲಿ ಗಣಕ ಕಲಿತವರಿಗೆ ಫ್ಲಾಪಿ ಓದುವುದು ಒಂದು ಕೆಲಸವೇ ಆಗಿರಲಿಲ್ಲ. ಚೌಕಾಕಾರದ ಬಿಲ್ಲೆಯನ್ನು ಡ್ರೈವಿನ ಬಾಯಿಗೆ ತಳ್ಳಿ, ಕೀಲಿಮಣೆಯಲ್ಲಿ ‘ಎ’ ಒತ್ತಿ ಪಕ್ಕದಲ್ಲಿ ಎರಡು ಚುಕ್ಕೆ ಇಟ್ಟರೆ ಮುಗಿಯಿತು. ‘ಡಿರ್’ ಎಂದರೆ ಕಡತಗಳ ಪಟ್ಟಿ ತೆರೆಯ ಮೇಲೆ ಹಾಜರು. ಕೆಲಸವಾದ ಮೇಲೆ ಡ್ರೈವಿನ ಗುಂಡಿ ಒತ್ತಿ, ಫ್ಲಾಪಿಯನ್ನು ಹೊರಗೆಳೆದು, ಜೇಬಿಗೆ ಹಾಕಿಕೊಂಡು ಹೊರಡಬಹುದಿತ್ತು.

ಇದೇ ಅಭ್ಯಾಸದಲ್ಲಿ 1990ರ ದಶಕದಲ್ಲಿ ಲಿನಕ್ಸ್ ಎಂಬ ಹೊಸ ಕಾರ್ಯಾಚರಣ ವ್ಯವಸ್ಥೆಯ ಮುಂದೆ ಕುಳಿತವರು ಮೊದಲ ಐದು ನಿಮಿಷದಲ್ಲೇ ಕಂಗಾಲಾದರು. ಅಲ್ಲಿ ‘ಎ’ ಡ್ರೈವ್ ಎಂಬುದೇ ಇಲ್ಲ. ಬಲ್ಲವರನ್ನು ಕೇಳಿದರೆ ‘ಮೊದಲು ಮೌಂಟ್ ಮಾಡಿ’ ಎನ್ನುತ್ತಿದ್ದರು. ಮೌಂಟ್ ಎಂದು ಆಜ್ಞೆ ಕೊಟ್ಟರೆ ಬರುತ್ತಿದ್ದ ಉತ್ತರದ ಸಾರಾಂಶ ಹೀಗಿತ್ತು: ಕಡತ ವ್ಯವಸ್ಥೆಯ ಬಗೆ ತಪ್ಪಿರಬಹುದು, ಕೊಟ್ಟ ಆಯ್ಕೆ ತಪ್ಪಿರಬಹುದು, ಸೂಪರ್‌ಬ್ಲಾಕ್ ಕೆಟ್ಟಿರಬಹುದು, ಅಥವಾ ಈಗಾಗಲೇ ಮೌಂಟ್ ಆಗಿರುವ ಕಡತ ವ್ಯವಸ್ಥೆಗಳೇ ಹೆಚ್ಚಾಗಿರಬಹುದು. ನಿಮಗೆ ಜ್ವರವಿರಬಹುದು, ಕಾಮಾಲೆಯಿರಬಹುದು, ಇಲ್ಲವೇ ಏನೂ ಇಲ್ಲದಿರಬಹುದು ಎಂದು ಚೀಟಿ ಬರೆದುಕೊಡುವ ವೈದ್ಯರ ಹಾಗೆ!

ನನ್ನ ವಯಸ್ಸಿನವರು ಫ್ಲಾಪಿಯನ್ನು ‘ಸೇವ್’ ಗುಂಡಿಯ ಮೇಲಿನ ಚಿತ್ರವಾಗಿಯಷ್ಟೇ ಬಲ್ಲರು. ಆದರೂ ಈ ಹಳೆಯ ಜಗಳವನ್ನು ಕೆದಕಲು ಕಾರಣವಿದೆ. ಆ ಕಾಲದಲ್ಲಿ ಬೆರಳಚ್ಚಾದ ಹಸ್ತಪ್ರತಿ, ಲೆಕ್ಕಪತ್ರ, ಪುಸ್ತಕದ ಪುಟವಿನ್ಯಾಸಗಳು ಮನೆಗಳ ಅಟ್ಟದ ಮೇಲೆ, ಮುದ್ರಣಾಲಯಗಳ ಕಪಾಟಿನಲ್ಲಿ ಇನ್ನೂ ಫ್ಲಾಪಿಗಳಾಗಿಯೇ ಉಳಿದಿವೆ. ಅವನ್ನು ಓದಲು ಹೊರಟವರು ಇಂದಿಗೂ ಹೆಚ್ಚುಕಡಿಮೆ ಅದೇ ಸಂದೇಶದ ಮುಂದೆ ನಿಲ್ಲುತ್ತಾರೆ. ನಿಂತು, ‘ಫ್ಲಾಪಿ ಹೋಯಿತು’ ಎಂದು ಕಸದ ಬುಟ್ಟಿಗೆ ಹಾಕುತ್ತಾರೆ. ಬಹಳ ಸಲ ಇದು ದುಡುಕು. ಮೌಂಟ್ ಆಗಲಿಲ್ಲ ಎಂದರೆ ಒಳಗಿನ ಬರಹ ಅಳಿಸಿಹೋಗಿದೆ ಎಂದು ಅರ್ಥವಲ್ಲ. ಹಾಗಾದರೆ ಏನರ್ಥ? ಅದಕ್ಕೆ ಐದು ದಶಕ ಹಿಂದಕ್ಕೆ ಹೋಗಬೇಕು.

ಕಸಿ ಕಟ್ಟುವ ವಿದ್ಯೆ

ಮೌಂಟ್ ಎಂಬ ಪದ ಬಂದದ್ದು ದೊಡ್ಡ ಗಣಕಗಳ ಯಂತ್ರಕೋಣೆಯಿಂದ. 1960ರ ದಶಕದಲ್ಲಿ ಮಾಹಿತಿ ಇರುತ್ತಿದ್ದುದು ಟೇಪಿನ ಸುರುಳಿಗಳಲ್ಲಿ ಮತ್ತು ಗುಡಾಣದಂಥ ಡಿಸ್ಕ್ ಪ್ಯಾಕ್‌ಗಳಲ್ಲಿ. ಬೇಕಾದ ಸುರುಳಿಯನ್ನು ಕಪಾಟಿನಿಂದ ತಂದು ಯಂತ್ರಕ್ಕೆ ಏರಿಸಲು ಆಪರೇಟರ್ ಎಂಬ ನೌಕರ ಇರುತ್ತಿದ್ದ. ಏರಿಸುವ ಆ ದೈಹಿಕ ಕೆಲಸವೇ ಮೌಂಟ್. ಯಾರು ಬೇಕಾದರೂ ಬಂದು ಸುರುಳಿ ಕಿತ್ತುಕೊಂಡು ಹೋಗುವ ಪ್ರಶ್ನೆ ಅಲ್ಲಿರಲಿಲ್ಲ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಎ, ಬಿ, ಸಿ ಎಂದು ಡ್ರೈವಿಗೊಂದು ಅಕ್ಷರ ಕೊಡುವ ಪದ್ಧತಿ ಅವರದಲ್ಲ. ಯುನಿಕ್ಸ್‌ನಲ್ಲಿ ಇರುವುದು ಒಂದೇ ಮರ. ಬೇರಿನಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಹೊಸ ಡಿಸ್ಕ್ ಬಂದರೆ ಅದನ್ನು ಈ ಮರದ ಯಾವುದಾದರೂ ಒಂದು ಕೊಂಬೆಗೆ ಕಸಿ ಕಟ್ಟಬೇಕು. ಕಸಿ ಕೂಡಿದ ಮೇಲೆ ಬಳಕೆದಾರನಿಗೆ ಅದು ಬೇರೆ ಡಿಸ್ಕ್ ಎಂಬ ಗೊಡವೆಯೇ ಇಲ್ಲ. ಎಲ್ಲವೂ ಒಂದೇ ಮರದ ಎಲೆಗಳು. 1971ರ ನವೆಂಬರಿನ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಮೌಂಟ್ ಆಜ್ಞೆ ಇದೆ. ಅಲ್ಲಿ ಅದಕ್ಕೆ ದೊರೆತ ಕ್ರಮಸಂಖ್ಯೆ 21, ಕಸಿ ಬಿಡಿಸುವ ಆಜ್ಞೆಗೆ 22. ಎರಡು ದಶಕಗಳ ನಂತರ ಹುಟ್ಟಿದ ಲಿನಕ್ಸ್ ಕೂಡ ಇಂಟೆಲ್ 386 ಯಂತ್ರದ ಮೇಲೆ ಈ ಎರಡಕ್ಕೂ ಅದೇ 21, 22 ಸಂಖ್ಯೆಗಳನ್ನು ಉಳಿಸಿಕೊಂಡಿತು. ಕಸಿ ಬಿಡಿಸುವ ಆಜ್ಞೆ ‘ಅನ್‌ಮೌಂಟ್’ ಅಲ್ಲ, ‘ಯುಮೌಂಟ್’. ನಡುವಿನ ‘ಎನ್’ ಅಕ್ಷರವನ್ನು ಯುನಿಕ್ಸ್‌ನ ಹಿರಿಯರು ಕೈಬಿಟ್ಟರು. ‘ಎನ್’ ಸೇರಿಸಿ ಬರೆದು ‘ಇಂಥ ಆಜ್ಞೆಯಿಲ್ಲ’ ಎಂಬ ಉತ್ತರ ಪಡೆಯುವುದು ಹೊಸಬರ ಪಾಲಿಗೆ ಬಂದ ಪಿತ್ರಾರ್ಜಿತ.

ಮೌಂಟ್ ಆಜ್ಞೆಯ ಹಿಂದೆ ಒಂದು ಒಪ್ಪಂದವಿದೆ. ‘ನಾನು ಹೇಳುವವರೆಗೆ ಈ ಡಿಸ್ಕನ್ನು ಯಾರೂ ಅಲುಗಿಸುವುದಿಲ್ಲ’ ಎಂದು ಮನುಷ್ಯ ಯಂತ್ರಕ್ಕೆ ಮಾತು ಕೊಡುತ್ತಾನೆ. ಆ ಧೈರ್ಯದ ಮೇಲೆ ಯಂತ್ರ ಡಿಸ್ಕಿನ ಮುಖ್ಯ ಪಟ್ಟಿಗಳನ್ನು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಬರೆಯಬೇಕಾದುದನ್ನು ಕೂಡಲೇ ಬರೆಯದೆ ಗುಡ್ಡೆ ಹಾಕಿಕೊಂಡು, ಬಿಡುವಾದಾಗ ಒಟ್ಟಿಗೆ ಬರೆಯುತ್ತದೆ. ಹೀಗಾಗಿ ಕೆಲಸ ಬೇಗ ಸಾಗುತ್ತದೆ.

ಗುಂಡಿಯ ಎಡವಟ್ಟು

ಫ್ಲಾಪಿಯ ಕಥೆ ಬೇರೆ. 1971ರಲ್ಲಿ ಐಬಿಎಂ ಹೊರತಂದ 8 ಇಂಚಿನ ಮೊದಲ ಫ್ಲಾಪಿ, ದೊಡ್ಡ ಗಣಕಗಳಿಗೆ ಆರಂಭದ ಸೂಚನೆಗಳನ್ನು ಉಣಿಸಲು ಮಾಡಿದ್ದು. ಅದನ್ನು ಓದಬಹುದಿತ್ತು, ಬಳಕೆದಾರ ಬರೆಯುವಂತಿರಲಿಲ್ಲ. 1976ರಲ್ಲಿ ಶುಗಾರ್ಟ್ ಸಂಸ್ಥೆಯ ಐದೂಕಾಲು ಇಂಚಿನದು ಬಂತು, 1981ರಲ್ಲಿ ಸೋನಿಯ ಮೂರೂವರೆ ಇಂಚಿನದು. 1987ರಲ್ಲಿ ಐಬಿಎಂನ ಪಿಎಸ್/2 ಯಂತ್ರಗಳ ಜೊತೆ 1.44 ಮೆಗಾಬೈಟ್‌ನ ಫ್ಲಾಪಿ ಜನಪ್ರಿಯವಾಯಿತು. ಈ 1.44 ಎಂಬುದು ಒಂದು ವಿಚಿತ್ರ ಲೆಕ್ಕ. ಎರಡು ಮುಖ, ಮುಖಕ್ಕೆ 80 ವೃತ್ತ, ವೃತ್ತಕ್ಕೆ 18 ತುಂಡು, ತುಂಡಿಗೆ 512 ಬೈಟ್. ಗುಣಿಸಿದರೆ 14,74,560 ಬೈಟ್. ಒಮ್ಮೆ 1024ರಿಂದ, ಇನ್ನೊಮ್ಮೆ 1000ದಿಂದ ಭಾಗಿಸಿದರೆ ಮಾತ್ರ 1.44 ಸಿಗುತ್ತದೆ. ಯಾವ ಶಾಲೆಯ ಮೇಷ್ಟರೂ ಒಪ್ಪದ ಈ ಗಣಿತವನ್ನು ಜಗತ್ತೆಲ್ಲ ಒಪ್ಪಿಕೊಂಡು ಡಬ್ಬಿಯ ಮೇಲೆ ಅಚ್ಚು ಹಾಕಿಸಿತು.

ನಮ್ಮ ಕಥೆಗೆ ಮುಖ್ಯವಾದುದು ಡ್ರೈವಿನ ಮುಂಭಾಗದ ಗುಂಡಿ. 1984ರ ಮ್ಯಾಕಿಂಟೋಷ್‌ನಲ್ಲಿ ಅಂಥ ಗುಂಡಿ ಇರಲಿಲ್ಲ. ಫ್ಲಾಪಿ ಬೇಕೆಂದರೆ ಯಂತ್ರವನ್ನೇ ಕೇಳಬೇಕು, ಅದು ತನ್ನ ಬರವಣಿಗೆ ಮುಗಿಸಿ ಮೋಟಾರಿನಿಂದ ಹೊರಗೆ ತಳ್ಳುತ್ತಿತ್ತು. ಸನ್ ಕಂಪನಿಯ ಯುನಿಕ್ಸ್ ಯಂತ್ರಗಳಲ್ಲೂ ಹಾಗೆಯೇ. ಅಗ್ಗದ ಪಿಸಿಯಲ್ಲಿ ಮಾತ್ರ ಗುಂಡಿ ಬರೀ ಸನ್ನೆಕೋಲು. ಒತ್ತಿದರೆ ಫ್ಲಾಪಿ ಹೊರಕ್ಕೆ. ಗಣಕಕ್ಕೆ ಮುನ್ಸೂಚನೆಯೂ ಇಲ್ಲ, ತಡೆಯುವ ಅಧಿಕಾರವೂ ಇಲ್ಲ. ಡಾಸ್ ಇದಕ್ಕೆ ಹೊಂದಿಕೊಂಡೇ ಬೆಳೆಯಿತು. ಪ್ರತಿ ಸಲವೂ ‘ಒಳಗಿರುವುದು ಹಳೆಯ ಫ್ಲಾಪಿಯೋ ಹೊಸದೋ’ ಎಂದು ಇಣುಕಿ ನೋಡುತ್ತಿತ್ತು.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಯುನಿಕ್ಸ್‌ನ ಮರವನ್ನು ಇದೇ ಅಗ್ಗದ ಪಿಸಿಯ ಮೇಲೆ ನೆಟ್ಟರು. ಯಂತ್ರಕೋಣೆಯ ಶಿಸ್ತಿನ ವಂಶವೂ ಗುಂಡಿ ಒತ್ತಿ ಎದ್ದುಹೋಗುವ ವಂಶವೂ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಹೂಡಬೇಕಾಯಿತು. ಲಿನಕ್ಸ್‌ನ ಫ್ಲಾಪಿ ತೊಂದರೆಗಳಲ್ಲಿ ದೊಡ್ಡ ಪಾಲು ಈ ಸಂಸಾರದ ಜಗಳವೇ ಎಂಬುದು ನನ್ನ ಅಭಿಪ್ರಾಯ. ಟೊರ್ವಾಲ್ಡ್ಸ್ ಅವರಿಗೇ ಫ್ಲಾಪಿಯ ಮೇಲೆ ಪ್ರೀತಿ ಇದ್ದಂತಿಲ್ಲ. 1991ರ ಕೊನೆಯ ಹೊತ್ತಿನ ಫ್ಲಾಪಿ ಡ್ರೈವರ್‌ನ ಟಿಪ್ಪಣಿಯಲ್ಲಿ, ಈ ಕಡತವೊಂದು ಗೊಂದಲದ ಗೂಡು, ಫ್ಲಾಪಿಗೆ ಪ್ರೋಗ್ರಾಂ ಬರೆಯುವುದು ತನಗೆ ಹಿಡಿಸದು, ತನ್ನಲ್ಲಿರುವುದು ಒಂದೇ ಡ್ರೈವ್ ಎಂಬರ್ಥದ ಮಾತುಗಳನ್ನು ಅವರು ಬರೆದಿಟ್ಟಿದ್ದಾರೆ.

ವಿಪರ್ಯಾಸವೆಂದರೆ ಆ ಲಿನಕ್ಸ್ ಜನರ ಕೈಗೆ ತಲುಪಿದ್ದೇ ಫ್ಲಾಪಿಯ ಮೂಲಕ. ಒಂದು ಫ್ಲಾಪಿಯಿಂದ ಕರ್ನೆಲ್ ಏಳುತ್ತಿತ್ತು. ಎದ್ದು, ‘ರೂಟ್ ಫ್ಲಾಪಿ ಹಾಕಿ ಎಂಟರ್ ಒತ್ತಿ’ ಎನ್ನುತ್ತಿತ್ತು. 1993ರಲ್ಲಿ ಬಂದ ಸ್ಲ್ಯಾಕ್‌ವೇರ್‌ನಂಥ ಸಂಗ್ರಹಗಳನ್ನು ಫ್ಲಾಪಿಗಳ ಕಟ್ಟಿನಿಂದ ಸರದಿಯಂತೆ ಉಣಿಸಬೇಕಿತ್ತು. ನಡುವೆ ಒಂದರಲ್ಲಿ ಒಂದು ತುಂಡು ಕೆಟ್ಟಿದ್ದರೂ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಎರಡನೆಯ ಫ್ಲಾಪಿ ಓದಲಾಗದಿದ್ದರೆ ಕರ್ನೆಲ್ ಗಾಬರಿಯಾಗಿ, 02:00ರ ಮೇಲಿನ ಮೂಲ ಕಡತ ವ್ಯವಸ್ಥೆಯನ್ನು ಮೌಂಟ್ ಮಾಡಲಾಗಲಿಲ್ಲ ಎಂದು ಹೇಳಿ ಪ್ರಾಣ ಬಿಡುತ್ತಿತ್ತು. ಗಡಿಯಾರದ ಸಮಯದಂತೆ ಕಾಣುವ ಈ ಅಂಕಿಗೆ ಸರಳ ಅರ್ಥವಿದೆ. ಎರಡನೇ ಜಾತಿಯ ಸಾಧನ ಎಂದರೆ ಫ್ಲಾಪಿ, ಸೊನ್ನೆ ಎಂದರೆ ಮೊದಲ ಡ್ರೈವ್. ಆದರೆ ಇದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ.

ಬೆಂಗಳೂರಿಗೂ ಈ ಕಥೆಗೂ ನಂಟಿದೆ. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗಿನ ದೂರವಾಣಿ ತಂತಿಯಲ್ಲಿ ಲಿನಕ್ಸ್ ಇಳಿಸಿಕೊಳ್ಳುವುದು ಕನಸಿನ ಮಾತು. 1990ರ ದಶಕದಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಸಿ.ಡಿ.ಯಲ್ಲಿ ಲಿನಕ್ಸ್ ಹಂಚಿತು. ಆ ಪ್ರಯತ್ನದ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2013ರಲ್ಲಿ ತೀರಿಕೊಂಡ ಅವರು 2001ರಿಂದ ಈ ನಗರದಲ್ಲಿ ಲಿನಕ್ಸ್ ಸಮ್ಮೇಳನಗಳನ್ನೂ ನಡೆಸಿದರು. ಸಿ.ಡಿ. ಬಂದರೂ ಫ್ಲಾಪಿಯಿಂದ ಬಿಡುಗಡೆ ಸಿಗಲಿಲ್ಲ ಎಂಬುದು ಗಮನಾರ್ಹ. ಆಗಿನ ಎಷ್ಟೋ ಗಣಕಗಳಿಗೆ ಸಿ.ಡಿ.ಯಿಂದ ಏಳಲು ಬಾರದು, ಮೊದಲ ತಳ್ಳು ಫ್ಲಾಪಿಯದೇ ಆಗಬೇಕಿತ್ತು. ಮುಂದೆ ಸಿ.ಡಿ.ಯಿಂದ ಏಳುವ ವಿಧಾನ ಬಂದಾಗಲೂ, ಅದರ ಒಂದು ಬಗೆಯಲ್ಲಿ ಸಿ.ಡಿ.ಯು ತಾನು ಫ್ಲಾಪಿಯೆಂದು ಸುಳ್ಳು ಹೇಳಿಯೇ ಗಣಕವನ್ನು ಎಬ್ಬಿಸುತ್ತಿತ್ತು!

ಬೈಗುಳದ ಅರ್ಥವೇನು?

ಈಗ ಆ ನಾಲ್ಕು ‘ಬಹುದು’ಗಳ ಸಂದೇಶಕ್ಕೆ ಬರೋಣ. ಅದು ಅಷ್ಟು ಅಸ್ಪಷ್ಟವಾಗಿರಲು ಕಾರಣ, ಮೌಂಟ್ ಪ್ರೋಗ್ರಾಂಗೂ ನಿಜ ಗೊತ್ತಿಲ್ಲದಿರುವುದು. ಡಿಸ್ಕನ್ನು ನೋಡುವುದು ಒಳಗಿನ ಕರ್ನೆಲ್. ಅದು ಒಪ್ಪದಿದ್ದರೆ ಹೊರಗೆ ಕಳಿಸುವುದು ಒಂದು ಅಂಕಿ ಮಾತ್ರ: ‘ಕೊಟ್ಟದ್ದು ಸರಿಯಿಲ್ಲ.’ ಏನು ಸರಿಯಿಲ್ಲ ಎಂಬುದನ್ನು ಬಾಗಿಲಲ್ಲಿ ನಿಂತ ಮೌಂಟ್ ಪ್ರೋಗ್ರಾಂ ಊಹಿಸಿ ಪಟ್ಟಿ ಒಪ್ಪಿಸುತ್ತದೆ. ಇನ್ನೂ ತಮಾಷೆಯೆಂದರೆ ಡಾಸ್ ಫ್ಲಾಪಿಯಲ್ಲಿ ಸೂಪರ್‌ಬ್ಲಾಕ್ ಎಂಬ ಅಂಗವೇ ಇಲ್ಲ. ಅದು ಯುನಿಕ್ಸ್ ಡಿಸ್ಕುಗಳ ಅಂಗ. ಇಲ್ಲದ ಅಂಗ ಕೆಟ್ಟಿರಬಹುದು ಎಂದು ಕೇಳಿ ಫ್ಲಾಪಿ ಎಸೆದವರನ್ನು ದೂಷಿಸಲಾಗದು.

ಸಂದೇಶದ ಹಿಂದಿನ ಕಾರಣಗಳು ಬಹುಪಾಲು ಮಾಮೂಲಿಯವು. ಫ್ಲಾಪಿ ಡಾಸ್‌ನದೋ ಲಿನಕ್ಸ್‌ನದೋ ಎಂದು ಆಗ ಬಳಕೆದಾರನೇ ಹೇಳಬೇಕಿತ್ತು, ತಪ್ಪು ಹೇಳಿದರೆ ಬೈಗುಳ. ಯುನಿಕ್ಸ್ ಬಲ್ಲವರು ಕೆಲವೊಮ್ಮೆ ‘ಟಾರ್’ ಎಂಬ ವಿಧಾನದಲ್ಲಿ ಕಡತಗಳನ್ನು ನೇರವಾಗಿ ಫ್ಲಾಪಿಗೆ ಸುರಿಯುತ್ತಿದ್ದರು. ಅದರಲ್ಲಿ ಮೌಂಟ್ ಮಾಡಲು ಕಡತ ವ್ಯವಸ್ಥೆಯೇ ಇರುವುದಿಲ್ಲ, ಟಾರ್‌ನಿಂದಲೇ ಬಿಚ್ಚಬೇಕು. ಅಮಿಗಾ ಅಥವಾ ಹಳೆಯ 400, 800 ಕಿಲೋಬೈಟ್‌ನ ಮ್ಯಾಕ್ ಫ್ಲಾಪಿಗಳನ್ನು ಪಿಸಿಯ ನಿಯಂತ್ರಕ ಓದಲಾರದು. ಅಲ್ಲಿ ಎಷ್ಟು ಮೌಂಟ್ ಮಾಡಿದರೂ ಗೋಡೆಗೆ ತಲೆ ಚಚ್ಚಿಕೊಂಡಂತೆ.

‘ರೂಟ್ ಮಾತ್ರ ಇದನ್ನು ಮಾಡಬಹುದು’ ಎಂಬುದು ಮತ್ತೊಂದು ಉತ್ತರ. ಮನೆಯಲ್ಲಿ ಒಬ್ಬನೇ ಕೂತವನಿಗೆ ಇದು ಅವಮಾನದಂತೆ ಕಂಡರೂ ಕಾರಣ ಗಟ್ಟಿಯಾಗಿದೆ. ಹತ್ತಾರು ಜನ ಬಳಸುವ ಯುನಿಕ್ಸ್ ಯಂತ್ರಕ್ಕೆ ಯಾರೋ ಒಬ್ಬ ತನ್ನ ಫ್ಲಾಪಿಯಲ್ಲಿ ಯಜಮಾನನ ಅಧಿಕಾರದಿಂದ ಓಡುವ ಪ್ರೋಗ್ರಾಂ ತಂದು ಕಸಿ ಕಟ್ಟಿದರೆ ಯಂತ್ರವೇ ಅವನ ವಶ. ಕಸಿಗಳ ಪಟ್ಟಿಯಿರುವ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಫ್ಲಾಪಿಯ ಸಾಲಿಗೆ ‘ಯೂಸರ್’ ಎಂಬ ಪದ ಸೇರಿಸಿದರೆ ಸಾಮಾನ್ಯ ಬಳಕೆದಾರನಿಗೂ ಅನುಮತಿ ದೊರೆಯುತ್ತಿತ್ತು. ಆ ಪದದೊಂದಿಗೆ, ಫ್ಲಾಪಿಯಿಂದ ಪ್ರೋಗ್ರಾಂ ಓಡಿಸಬಾರದು ಎಂಬ ನಿರ್ಬಂಧವೂ ಮೌನವಾಗಿ ಜಾರಿಯಾಗುತ್ತಿತ್ತು. ಈ ರಗಳೆಯೇ ಬೇಡವೆಂದವರಿಗೆ ಎಂಟೂಲ್ಸ್ ಇತ್ತು. ಎಮೆಟ್ ಗ್ರೇ ಬರೆದು, ಮುಂದೆ ಅಲೈನ್ ಕ್ನಾಫ್ ಮೊದಲಾದವರು ಬೆಳೆಸಿದ ಈ ಉಪಕರಣಗಳು ಮೌಂಟ್ ಮಾಡದೆಯೇ ಡಾಸ್ ಶೈಲಿಯಲ್ಲಿ ಫ್ಲಾಪಿಯನ್ನು ಓದಿ ಬರೆಯುತ್ತಿದ್ದವು.

ಕೆಲಸ ಮುಗಿಸಿ ಯುಮೌಂಟ್ ಎಂದರೆ ‘ಸಾಧನ ಬಿಡುವಾಗಿಲ್ಲ’ ಎಂಬ ಉತ್ತರ. ಯಾರು ಬಳಸುತ್ತಿದ್ದಾರೆ ಎಂದು ಹುಡುಕಿದರೆ ಬಹುತೇಕ ಸಿಗುತ್ತಿದ್ದವನು ಕೇಳಿದವನೇ. ಅವನ ಶೆಲ್ ಆ ಕೋಶದ ಒಳಗೇ ನಿಂತಿರುತ್ತಿತ್ತು. ತಾನು ಕೂತ ಕೊಂಬೆಯನ್ನು ಕಡಿಯಲು ಲಿನಕ್ಸ್ ಬಿಡುವುದಿಲ್ಲ. ಒಂದು ಹೆಜ್ಜೆ ಹೊರಗೆ ಬಂದು ಮತ್ತೆ ಆಜ್ಞೆ ಕೊಟ್ಟರೆ ಸಾಕು. ತಾಳ್ಮೆಗೆಟ್ಟು ಗುಂಡಿ ಒತ್ತಿದವರ ಕಥೆ ದುಃಖಕರ. ಯಂತ್ರ ಗುಡ್ಡೆ ಹಾಕಿಕೊಂಡಿದ್ದ ಬರಹ ಫ್ಲಾಪಿಗೆ ಇಳಿದಿರುವುದೇ ಇಲ್ಲ. ಮತ್ತೊಂದು ಫ್ಲಾಪಿಯನ್ನು ಅಲ್ಲಿಗೆ ತುರುಕಿದರಂತೂ ಹಳೆಯದರ ಪಟ್ಟಿ ಹೊಸದರ ಮೇಲೆ ಕೂರುವ ಅಪಾಯವಿತ್ತು. ಫ್ಲಾಪಿ ಬದಲಾಯಿತೆಂದು ತಿಳಿಸುವ ಒಂದು ತಂತಿ ಡ್ರೈವಿನಲ್ಲಿ ಇತ್ತು, ಆದರೆ ಅದು ತಾನಾಗಿ ಕೂಗುವುದಿಲ್ಲ. ಕೇಳಿದಾಗ ಮಾತ್ರ ಹೇಳುತ್ತದೆ.

ಅನಾಥ ಡ್ರೈವರ್

ಕಾಲ ಸರಿಯಿತು. 2003ರ ಕೊನೆಯಲ್ಲಿ ಬಂದ 2.6 ಕರ್ನೆಲ್, ಫ್ಲಾಪಿಯಿಂದ ತಾನೇ ನೇರವಾಗಿ ಏಳುವ ಹಳೆಯ ಪದ್ಧತಿಯನ್ನು ಬಿಟ್ಟಿತು. 2011ರ ಮಾರ್ಚ್‌ನಲ್ಲಿ ಸೋನಿ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. 2019ರ ಜುಲೈನಲ್ಲಿ ಟೊರ್ವಾಲ್ಡ್ಸ್ ಫ್ಲಾಪಿ ಡ್ರೈವರನ್ನು ‘ಅನಾಥ’ ಎಂದು ದಾಖಲಿಸಿದರು. ನೋಡಿಕೊಳ್ಳುತ್ತಿದ್ದವರ ಬಳಿ ಕೆಲಸ ಮಾಡುವ ಡ್ರೈವೇ ಉಳಿದಿರಲಿಲ್ಲ. ಮರುವರ್ಷ ಬೇರೊಬ್ಬರು ಅದನ್ನು ಸಾಕಲು ಮುಂದೆ ಬಂದರು. ಡ್ರೈವರ್ ಉಳಿಯಲು ಒಂದು ಕಾರಣ, ಗಣಕದೊಳಗೆ ಗಣಕವನ್ನು ನಟಿಸುವ ತಂತ್ರಾಂಶಗಳು ಇನ್ನೂ ಫ್ಲಾಪಿ ಡ್ರೈವನ್ನೂ ನಟಿಸುವುದು. ಈ ನಟನೆಯೂ ನಿರಪಾಯಕಾರಿಯಲ್ಲ. 2015ರಲ್ಲಿ ಬೆಳಕಿಗೆ ಬಂದ ‘ವೆನಮ್’ ಎಂಬ ಭದ್ರತಾ ದೋಷವಿದ್ದುದು ಕ್ಯೂಎಮು ತಂತ್ರಾಂಶದ ಫ್ಲಾಪಿ ನಿಯಂತ್ರಕದ ನಕಲಿನಲ್ಲೇ. ಯಾರೂ ಬಳಸದ ಫ್ಲಾಪಿಯ ಕಿಂಡಿಯಿಂದ ಒಳಗಿನ ನಕಲಿ ಗಣಕದವನು ಹೊರಗಿನ ಅಸಲಿ ಗಣಕಕ್ಕೆ ನುಗ್ಗಬಹುದಿತ್ತು. ಇಂಥ ಯಂತ್ರಗಳಲ್ಲಿ ‘ಎಫ್‌ಡಿ0, ಸೆಕ್ಟರ್ 0, ಓದುವಲ್ಲಿ ದೋಷ’ ಎಂಬ ಸಾಲು ಕಂಡರೆ ಹೆದರಬೇಕಿಲ್ಲ. ಇಲ್ಲದ ಡ್ರೈವನ್ನು ಇದೆಯೆಂದು ಬಯಾಸ್ ಹೇಳಿದೆ, ಕರ್ನೆಲ್ ನಂಬಿದೆ, ಅಷ್ಟೆ.

ಇನ್ನು ಅಟ್ಟದ ಮೇಲಿನ ಫ್ಲಾಪಿಗಳ ವಿಷಯ. ಈಗ ಸಿಗುವುದು ಯುಎಸ್‌ಬಿ ಡ್ರೈವ್. ಲಿನಕ್ಸ್ ಅದನ್ನು ‘ಎಫ್‌ಡಿ0’ ಎಂದು ಕರೆಯುವುದಿಲ್ಲ. ಪೆನ್‌ಡ್ರೈವ್‌ನಂತೆ ‘ಎಸ್‌ಡಿಬಿ’ ಮುಂತಾಗಿ ಹೆಸರಿಡುತ್ತದೆ. ಹಳೆಯ ಹೆಸರಿನಲ್ಲಿ ಮೌಂಟ್ ಮಾಡಹೊರಟರೆ ‘ಅಂಥ ಸಾಧನವಿಲ್ಲ’ ಎನ್ನುವುದು ಸಹಜ. ಫ್ಲಾಪಿಯಲ್ಲಿ ಭಾಗಗಳಿರುವುದಿಲ್ಲವಾದ್ದರಿಂದ ಹೆಸರಿನ ಕೊನೆಗೆ 1 ಸೇರಿಸಲೂಬಾರದು. ಐದೂಕಾಲು ಇಂಚಿನವಕ್ಕೆ ಈ ಡ್ರೈವ್ ಪ್ರಯೋಜನವಿಲ್ಲ. ಅವಕ್ಕೆ ಹಳೆಯ ಡ್ರೈವನ್ನೇ ಹುಡುಕಿ, ಗ್ರೀಸ್‌ವೀಝಲ್‌ನಂಥ ಚಿಕ್ಕ ಫಲಕದ ಮೂಲಕ ಜೋಡಿಸಬೇಕು.

ಮೌಂಟ್ ಮಾಡುವ ಮೊದಲು ನಕಲು ತೆಗೆಯುವುದು ಲೇಸು. ಬರೆಯದಂತೆ ತಡೆಯುವ ಕಿಂಡಿಯನ್ನು ಮೊದಲು ನೋಡಿ. ಮೂರೂವರೆ ಇಂಚಿನದರಲ್ಲಿ ಕಿಂಡಿ ತೆರೆದಿದ್ದರೆ ಬರೆಯಲಾಗದು. ಐದೂಕಾಲು ಇಂಚಿನದರಲ್ಲಿ ಅಂಚಿನ ಕಚ್ಚನ್ನು ಮುಚ್ಚಿದ್ದರೆ ಬರೆಯಲಾಗದು. ಎರಡೂ ತದ್ವಿರುದ್ಧ. ಬಳಿಕ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂನಿಂದ ಇಡೀ ಫ್ಲಾಪಿಯನ್ನು ಒಂದು ಕಡತವಾಗಿ ಇಳಿಸಿಕೊಳ್ಳಬಹುದು. ಅದು ಕೆಟ್ಟ ತುಂಡುಗಳನ್ನು ಸದ್ಯಕ್ಕೆ ಬಿಟ್ಟು ಒಳ್ಳೆಯದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ಕೆಟ್ಟದ್ದಕ್ಕೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದು ಡ್ರೈವ್ ಓದದ ತುಂಡನ್ನು ಇನ್ನೊಂದು ಡ್ರೈವ್ ಓದುವುದುಂಟು, ಯಾಕೆಂದರೆ ಪ್ರತಿ ಡ್ರೈವಿನ ತಲೆಯೂ ಕೂದಲೆಳೆಯಷ್ಟು ಆಚೀಚೆ ಕೂತಿರುತ್ತದೆ.

1.44ರ ಡಾಸ್ ಫ್ಲಾಪಿಯ 2880 ತುಂಡುಗಳಲ್ಲಿ ಮೊದಲನೆಯದು ಜಾತಕ. ಅದರ ಹಿಂದೆ ತಲಾ 9 ತುಂಡುಗಳ ಎರಡು ಹಂಚಿಕೆ ಪಟ್ಟಿ, ಒಂದು ಇನ್ನೊಂದರ ನಕಲು. ಆಮೇಲೆ 14 ತುಂಡುಗಳಲ್ಲಿ ಕಡತಗಳ ಹೆಸರು, ನಂತರ ಬರಹ. ಜಾತಕದ ಒಂದೇ ತುಂಡು ಕೆಟ್ಟರೂ ಲಿನಕ್ಸ್ ಮೌಂಟ್ ಮಾಡಲು ಒಪ್ಪದಿರಬಹುದು, ಉಳಿದ 2879 ನೆಟ್ಟಗಿದ್ದರೂ! ಅದೇ ಅಳತೆಯ ಬೇರೊಂದು ಒಳ್ಳೆಯ ಫ್ಲಾಪಿಯ ಜಾತಕವನ್ನು ನಕಲು ಕಡತಕ್ಕೆ ಅಂಟಿಸಿದರೆ ಮೌಂಟ್ ಆಗುವ ಸಾಧ್ಯತೆ ಹೆಚ್ಚು. ಮೂಲ ಫ್ಲಾಪಿಯನ್ನು ಮುಟ್ಟಬೇಕಿಲ್ಲ.

ಕನ್ನಡದ ಕಡತಗಳಿಗೆ ಇಷ್ಟು ಸಾಲದು. ಕಡತ ತೆರೆದಾಗ ರೋಮನ್ ಅಕ್ಷರ ಮತ್ತು ಅರ್ಥವಾಗದ ಚಿಹ್ನೆಗಳ ರಾಶಿ ಕಂಡರೆ ಮತ್ತೆ ‘ಹೋಯಿತು’ ಎನ್ನುವುದು ಬೇಡ. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ನುಡಿ ಫಾಂಟಿನಲ್ಲಿ ‘ಕ’ದ ಮುಖ್ಯ ಭಾಗ ಇರುವುದು ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿ, ಅದರ ತಲೆಕಟ್ಟು ಬೇರೆಯದೇ ಒಂದು ಚಿಹ್ನೆ. ಬೇರೆ ಬೇರೆ ತಂತ್ರಾಂಶಗಳ ಜೋಡಣೆ ಬೇರೆ ಬೇರೆ. ಆದ್ದರಿಂದ ಫ್ಲಾಪಿಯ ಮೇಲಿನ ಚೀಟಿಯನ್ನು ಕಿತ್ತು ಎಸೆಯಬೇಡಿ. ಯಾವ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದೆಂದು ಪೆನ್ನಿನಲ್ಲಿ ಗೀಚಿದ ಒಂದು ಪದ ಅಲ್ಲಿದ್ದರೆ, ಯಾವ ಪರಿವರ್ತಕ ಬಳಸಬೇಕೆಂಬುದು ಅದರಿಂದಲೇ ತಿಳಿಯುತ್ತದೆ.